ಡೈರೆಕ್ಟ್ ಸೆಲ್ಲಿಂಗ್ ಮಾಡುವವರಿಗೆ: ಕಾನೂನು ನಿಮ್ಮಿಂದ ಏನು ಕೇಳುತ್ತದೆ, ನಿಮಗೇನು ಕೊಡುತ್ತದೆ

ಸೋಪು, ಶಾಂಪೂ, ಪ್ರೋಟೀನ್ ಪೌಡರ್, ಅಡುಗೆ ಪಾತ್ರೆ, ನೀರಿನ ಫಿಲ್ಟರ್. ಇವನ್ನು ಪರಿಚಯದವರ ಮನೆಗೆ ಹೋಗಿ ಮಾರುವವರು ಈಗ ಕಲಬುರಗಿಯ ಯಾವ ಬಡಾವಣೆಗೆ ಹೋದರೂ ಸಿಗುತ್ತಾರೆ. ಸೇಡಂ, ಆಳಂದ, ಜೇವರ್ಗಿಯಲ್ಲೂ ಇದ್ದಾರೆ. ಮನೆ ನೋಡಿಕೊಂಡು ನಾಲ್ಕು ಕಾಸು ದುಡಿಯಬೇಕೆನ್ನುವ ಹೆಣ್ಣುಮಕ್ಕಳು, ನೌಕರಿ ಜೊತೆಗೆ ಸಂಜೆ ಹೊತ್ತು ಮಾಡುವವರು, ಡಿಗ್ರಿ ಮುಗಿಸಿ ಕೆಲಸಕ್ಕೆ ಕಾಯುತ್ತಿರುವ ಹುಡುಗರು.

ಇವರ ಜೊತೆ ಕಾನೂನಿನ ಮಾತು ತೆಗೆದರೆ ಒಂದೇ ಉತ್ತರ ಬರುತ್ತದೆ. "ಅದೆಲ್ಲ ಕಂಪನಿ ನೋಡ್ಕೊಂತದ್ರಿ, ನಮಗೇನ್ ಸಂಬಂಧ?" ಸಂಬಂಧ ಇದೆ. ಜಾಸ್ತಿನೇ ಇದೆ. ಕಾನೂನಿನ ಲೆಕ್ಕದಲ್ಲಿ ನೀವು ಕಂಪನಿಯ ನೌಕರರಲ್ಲ. ನಿಮ್ಮದು ಸ್ವಂತ ವ್ಯಾಪಾರ. ಕಂಪನಿ ಒಂದು ಪಾರ್ಟಿ, ನೀವು ಇನ್ನೊಂದು ಪಾರ್ಟಿ. ಪಿಎಫ್ ಇಲ್ಲ, ಇಎಸ್‌ಐ ಇಲ್ಲ. ತೆರಿಗೆ ನಿಮ್ಮ ಹೆಸರಲ್ಲಿ, ಲೈಸನ್ಸ್ ನಿಮ್ಮ ಹೆಸರಲ್ಲಿ, ನೀವು ಆಡಿದ ಮಾತಿನ ಹೊಣೆಯೂ ನಿಮ್ಮ ಹೆಸರಲ್ಲಿ.

ಈ ವ್ಯಾಪಾರಕ್ಕೆ ಅಂತಲೇ ಕೇಂದ್ರ ಸರ್ಕಾರ 2021ರ ಡಿಸೆಂಬರ್ 28ರಂದು ನಿಯಮ ತಂದಿತು: ಗ್ರಾಹಕ ರಕ್ಷಣೆ (ನೇರ ಮಾರಾಟ) ನಿಯಮಗಳು, 2021. ಇದು 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಕೆಳಗೆ ಬರುತ್ತದೆ. ಇದನ್ನು ಬರೀ ತಲೆನೋವು ಅಂದುಕೊಳ್ಳಬೇಡಿ. ಅಪ್‌ಲೈನ್ (ನಿಮ್ಮನ್ನು ಸೇರಿಸಿದವರು) ನಿಮ್ಮ ಮೇಲೆ ಒತ್ತಡ ಹಾಕಿದಾಗ, ಕಂಪನಿ ದುಡ್ಡು ಕೊಡಲು ಸತಾಯಿಸಿದಾಗ ಇದೇ ನಿಯಮ ನಿಮ್ಮ ಕಡೆ ನಿಲ್ಲುತ್ತದೆ. ಹೊಸದಾಗಿ ಸೇರುವವರು ಕೆಳಗಿನ ಕ್ರಮದಲ್ಲೇ ಹೋಗಿ. ಈಗಾಗಲೇ ಸೇರಿದವರು ಬಿಟ್ಟುಹೋದ ಹೆಜ್ಜೆಯನ್ನು ಈ ವಾರವೇ ಮುಗಿಸಿ.

ಹೆಜ್ಜೆ 1: ದುಡ್ಡು ಎಲ್ಲಿಂದ ಬರುತ್ತಿದೆ, ಅದನ್ನು ನೋಡಿ

ಉಳಿದ ಎಲ್ಲ ಹೆಜ್ಜೆ ತಪ್ಪಿದರೂ ಸರಿಮಾಡಿಕೊಳ್ಳಬಹುದು. ಇದೊಂದು ತಪ್ಪಿದರೆ ಪೊಲೀಸ್ ಠಾಣೆವರೆಗೂ ಹೋಗುತ್ತದೆ. ಅದಕ್ಕೇ ಇದರ ಬಗ್ಗೆ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ನಿಮಗೆ ಬರುವ ಕಮಿಷನ್ ಎರಡು ಕಡೆಯಿಂದ ಬರಬಹುದು. ಒಂದು, ಯಾರೋ ಒಬ್ಬರು ಬಳಸಲಿಕ್ಕೆ ಅಂತ ಸಾಮಾನು ಕೊಂಡಿದ್ದಕ್ಕೆ. ಇನ್ನೊಂದು, ಹೊಸಬರು ದುಡ್ಡು ಕಟ್ಟಿ ಸೇರಿದ್ದಕ್ಕೆ. ಮೊದಲನೆಯದು ವ್ಯಾಪಾರ. ಎರಡನೆಯದು ಪಿರಮಿಡ್ ಸ್ಕೀಮು. ನಮ್ಮ ಕಡೆ ಜನ ಅದನ್ನು ಚೈನ್ ಬಿಸಿನೆಸ್ ಅಂತಾರೆ. 2021ರ ನಿಯಮ ಇದನ್ನು ಕಂಪನಿಗೆ ಮಾತ್ರ ನಿಷೇಧಿಸಿಲ್ಲ, ಮಾರುವವರಿಗೂ ನಿಷೇಧಿಸಿದೆ. ಡೈರೆಕ್ಟ್ ಸೆಲ್ಲಿಂಗ್ ಹೆಸರಲ್ಲಿ ಪಿರಮಿಡ್ ನಡೆಸುವುದು, ಅದಕ್ಕೆ ಜನರನ್ನು ಸೇರಿಸುವುದು, ಅದರಲ್ಲಿ ಭಾಗವಹಿಸುವುದು, ಮೂರೂ ತಪ್ಪು.

ಇದಕ್ಕಿಂತ ಹಳೆಯ ಕಾನೂನು ಇನ್ನೂ ಬಿಗಿಯಾಗಿದೆ. 1978ರ ಪ್ರೈಜ್ ಚಿಟ್ಸ್ ಮತ್ತು ಮನಿ ಸರ್ಕ್ಯುಲೇಷನ್ ಸ್ಕೀಮ್ಸ್ ನಿಷೇಧ ಕಾಯ್ದೆ ಪ್ರಕಾರ ದುಡ್ಡು ತಿರುಗಿಸುವ ಸ್ಕೀಮು ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು ಆಗಬಹುದು. ಮೆಂಬರ್ ಆಗುವುದನ್ನೂ ಆ ಕಾಯ್ದೆ ನಿಷೇಧಿಸುತ್ತದೆ. "ನಾನೂ ಮೋಸ ಹೋದವಳೇ" ಎಂಬ ಮಾತು, ನೀವು ಸೇರಿಸಿದ ಹತ್ತು ಮಂದಿ ದೂರು ಕೊಟ್ಟಾಗ ಸಾಕಾಗುವುದಿಲ್ಲ. ಅವರು ಕಂಪನಿ ಹೆಸರು ಮರೆತಿರಬಹುದು. ದುಡ್ಡು ಇಸಿದುಕೊಂಡವರು ನೀವು ಅಂತ ಮಾತ್ರ ಅವರಿಗೆ ಚೆನ್ನಾಗಿ ನೆನಪಿರುತ್ತದೆ.

ಹಾಗಾದರೆ ಪರೀಕ್ಷೆ ಹೇಗೆ? ಪ್ಲಾನ್ (ಕಮಿಷನ್ ಹೇಗೆ ಬರುತ್ತದೆ ಎಂಬ ಲೆಕ್ಕ) ತೋರಿಸಲು ಬಂದವರಿಗೆ ಈ ಪ್ರಶ್ನೆ ಕೇಳಿ: "ನಾನು ಒಬ್ಬರನ್ನೂ ಸೇರಿಸೋದಿಲ್ಲ. ಸಾಮಾನು ಮಾತ್ರ ಮಾರ್ತೀನಿ. ತಿಂಗಳಿಗೆ ನನಗೆಷ್ಟು ಉಳೀತದ?" ಸರಿಯಾದ ಕಂಪನಿಯವರು ಇದಕ್ಕೆ ಲೆಕ್ಕ ಹಾಕಿ ತೋರಿಸುತ್ತಾರೆ. ಮೊತ್ತ ಚಿಕ್ಕದಿರಬಹುದು, ಆದರೆ ಲೆಕ್ಕ ಇರುತ್ತದೆ. ಉತ್ತರ ಕೊಡದೆ ಕಾರಿನ ಫೋಟೊ, ವಿದೇಶ ಪ್ರವಾಸದ ವಿಡಿಯೊ ತೋರಿಸಿದರೆ ಅಲ್ಲಿಂದ ಎದ್ದು ಬನ್ನಿ.

ಇನ್ನೂ ಕೆಲವು ಗುರುತುಗಳಿವೆ. ಸೇರಲಿಕ್ಕೇ ಫೀಸು ಕೇಳುವುದು. ಸಾಮಾನಿನ ಬೆಲೆ ಅಂಗಡಿಯಲ್ಲಿ ಸಿಗುವ ಅದೇ ಗುಣದ ಸಾಮಾನಿಗಿಂತ ಬಹಳ ಮೇಲಿರುವುದು, ಹೊರಗಿನ ಗ್ರಾಹಕ ಯಾರೂ ಅದನ್ನು ಕೊಳ್ಳದಿರುವುದು. ತಿಂಗಳಿಗೆ ಇಷ್ಟು ಖಾತ್ರಿ ಬರುತ್ತದೆ, ಸುಮ್ನೆ ದುಡ್ಡು ಇಡಿ ಎನ್ನುವುದು. ಈ ಕೊನೆಯದು ಬಂದರೆ ಅದು ಡೆಪಾಸಿಟ್ ಆಗುತ್ತದೆ, 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆಗೆ ಸಿಗುತ್ತದೆ. ಅಂಥ ಡೆಪಾಸಿಟ್‌ಗೆ ಜನರನ್ನು ಕರೆದರೇ ಒಂದರಿಂದ ಐದು ವರ್ಷದವರೆಗೆ ಶಿಕ್ಷೆ ಇದೆ.

"ನಮ್ಮ ಕಂಪನಿ ಗೌರ್ಮೆಂಟ್ ರಿಜಿಸ್ಟರ್ಡ್" ಎಂಬ ಮಾತನ್ನು ನಂಬಿ ನಿಲ್ಲಬೇಡಿ. ಕಂಪನಿ ರಿಜಿಸ್ಟರ್ ಆಗುವುದು ಬೇರೆ, ಅದರ ಪ್ಲಾನ್ ಕಾನೂನಿಗೆ ಸರಿ ಇರುವುದು ಬೇರೆ. ತೊಗರಿ ರಾಶಿ ಮುಗಿದು ಊರಲ್ಲಿ ದುಡ್ಡು ಓಡಾಡುವ ಹೊತ್ತಿಗೆ ಸರಿಯಾಗಿ ಹಾಲ್ ಬುಕ್ ಮಾಡಿ ಸೆಮಿನಾರ್ ಇಡುವವರ ಬಗ್ಗೆ ಇನ್ನೂ ಹುಷಾರಾಗಿರಿ. ಸಂಘದ ಸಾಲ ಎತ್ತಿ ಪ್ಯಾಕೇಜ್ ಕೊಳ್ಳಲು ಯಾರು ಹೇಳಿದರೂ, ಅವರು ಸ್ವಂತ ವೈನಿಯೇ ಆಗಿರಲಿ, ಒಪ್ಪಬೇಡಿ. ಕಂಪನಿ ಮುಚ್ಚಿದರೂ ವಾರದ ಕಂತು ನಿಲ್ಲುವುದಿಲ್ಲ.

ಹೆಜ್ಜೆ 2: ಕಂಪನಿಯ ಕಾಗದ ನೋಡಿ, ಆಮೇಲೆ ಸಹಿ

ಕಂಪನಿಗೆ ಭಾರತದಲ್ಲಿ ಕನಿಷ್ಠ ಒಂದು ನೋಂದಾಯಿತ ಕಚೇರಿ ಇರಲೇಬೇಕು. ವೆಬ್‌ಸೈಟ್‌ನಲ್ಲಿ ವಿಳಾಸ, ದೂರು ನೋಡುವ ಅಧಿಕಾರಿಯ ಹೆಸರು, ಫೋನ್, ಇಮೇಲ್ ಸಿಗಬೇಕು. ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ (ಎಂಸಿಎ) ವೆಬ್‌ಸೈಟ್‌ನಲ್ಲಿ ಕಂಪನಿ ಹೆಸರು ಹಾಕಿದರೆ ಅದು ಯಾವಾಗ ಶುರುವಾಯಿತು, ಈಗ ಚಾಲ್ತಿಯಲ್ಲಿದೆಯೇ ಎಂಬುದು ದುಡ್ಡಿಲ್ಲದೆ ತಿಳಿಯುತ್ತದೆ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಹತ್ತು ನಿಮಿಷದಲ್ಲಿ ನೋಡಿ ಹೇಳುತ್ತಾರೆ.

ನಿಮ್ಮ ಜೊತೆ ಬರಹದಲ್ಲಿ ಕರಾರು ಆಗಲೇಬೇಕು. ಈಗ ಹೆಚ್ಚಾಗಿ ಮೊಬೈಲ್‌ನಲ್ಲಿ ಒಟಿಪಿ ಹಾಕಿಸಿ ಮುಗಿಸಿಬಿಡುತ್ತಾರೆ, ಅಲ್ವಾ? ಅಪ್‌ಲೈನ್ ನಿಮ್ಮ ಫೋನ್ ಕೈಗೆ ತೆಗೆದುಕೊಂಡು ತಾನೇ ನಿಮ್ಮ ಐಡಿ (ಸದಸ್ಯತ್ವದ ನಂಬರ್) ಹಾಕಿಬಿಡುತ್ತಾರೆ. ಹಾಗೆ ಬಿಡಬೇಡಿ. ಕರಾರಿನ ಪಿಡಿಎಫ್ ಕೇಳಿ ಇಸಿದುಕೊಳ್ಳಿ, ಪ್ರಿಂಟ್ ತೆಗೆಸಿ. ಅದರಲ್ಲಿ ಮೂರು ಜಾಗಕ್ಕೆ ಪೆನ್ನಿನಲ್ಲಿ ಗುರುತು ಹಾಕಿ.

ಮೊದಲನೆಯದು ಕೂಲಿಂಗ್ ಆಫ್ ಅವಧಿ. ಸೇರಿದ ಮೇಲೆ ಮನಸ್ಸು ಬದಲಾದರೆ ದಂಡ ಕಟ್ಟದೆ ಹೊರಬರಲು ಇರುವ ದಿನಗಳು ಇವು. ಎಷ್ಟು ದಿನ ಎಂದು ಕರಾರಿನಲ್ಲಿ ಬರೆದಿರುತ್ತದೆ. ಆ ಕೊನೆಯ ತಾರೀಖನ್ನು ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿ.

ಎರಡನೆಯದು, ಮಾರಾಟವಾಗದೆ ಉಳಿದ ಸಾಮಾನನ್ನು ಕಂಪನಿ ವಾಪಸ್ ತೆಗೆದುಕೊಳ್ಳುವ ಷರತ್ತು. ಮರುಮಾರಾಟಕ್ಕೆ ಯೋಗ್ಯ ಸಾಮಾನು ಯಾವುದು ಎಂದು ನಿಯಮದಲ್ಲೇ ಹೇಳಿದೆ: ಬಳಸಿರಬಾರದು, ಎಕ್ಸ್‌ಪೈರಿ ಆಗಿರಬಾರದು, ಸೀಸನ್ ಸಾಮಾನು, ವಿಶೇಷ ಆಫರ್ ಸಾಮಾನು, ಕಂಪನಿ ನಿಲ್ಲಿಸಿದ ಸಾಮಾನು ಇದರಲ್ಲಿ ಬರುವುದಿಲ್ಲ. ಹಬ್ಬದ ಆಫರ್ ಅಂತ ಮೂಟೆಗಟ್ಟಲೆ ಎತ್ತಿಸುವವರು ಈ ಕೊನೆಯ ಮಾತು ಹೇಳುವುದೇ ಇಲ್ಲ.

ಮೂರನೆಯದು, ಜಗಳವಾದರೆ ಯಾವ ಊರಿನ ಕೋರ್ಟು. ಅಲ್ಲಿ ದೆಹಲಿ ಅಥವಾ ಬೆಂಗಳೂರು ಅಂತ ಇದ್ದರೆ, ಹತ್ತು ಸಾವಿರದ ಕಮಿಷನ್ ಬಾಕಿಗೆ ಅಲ್ಲಿವರೆಗೆ ಅಲೆಯುವ ಶಕ್ತಿ ನಿಮಗಿದೆಯಾ ಎಂದು ಮೊದಲೇ ಯೋಚಿಸಿ. ಅದಕ್ಕೇ ದೊಡ್ಡ ಮೊತ್ತ ಕಂಪನಿಯ ವಾಲೆಟ್‌ನಲ್ಲಿ ಬಿಡುವುದು ಒಳ್ಳೆಯದಲ್ಲ. ಬಂದ ಪೇಔಟ್ (ಕಮಿಷನ್ ದುಡ್ಡು) ಬಂದ ಹಾಗೆ ಬ್ಯಾಂಕಿಗೆ ಇಳಿಸಿ.

ಹೆಜ್ಜೆ 3: ಐಡಿ ಕಾರ್ಡು, ಮೊದಲೇ ಕೇಳಿದ ಸಮಯ, ಆರ್ಡರ್ ಫಾರ್ಮ್

ಗ್ರಾಹಕರ ಮನೆಗೆ ಐಡಿ ಕಾರ್ಡ್ ಇಲ್ಲದೆ, ಮೊದಲೇ ಒಪ್ಪಿಗೆ ಪಡೆಯದೆ ಹೋಗಬಾರದು. ಇದು ನಿಯಮದಲ್ಲೇ ಇದೆ. ನಮ್ಮ ಊರಲ್ಲಿ ಓಣಿಯ ಅಕ್ಕನ ಮನೆಗೆ ಹೋಗಲು ಅಪಾಯಿಂಟ್‌ಮೆಂಟ್ ಏನು ಅಂತ ಅನಿಸಬಹುದು. ದೊಡ್ಡ ಕೆಲಸವೇನಲ್ಲ. "ಅಕ್ಕಾ, ನಾಳೆ ಹನ್ನೊಂದಕ್ಕ ಬರ್ಲೇನ್ರಿ? ಹೊಸ ಪ್ರಾಡಕ್ಟ್ ತೋರಿಸ್ಬೇಕಿತ್ತು" ಎಂದು ವಾಟ್ಸಾಪ್ ಮಾಡಿ. "ಬರ್ರಿ" ಅಂತ ಬಂದ ಉತ್ತರ ಅಳಿಸದೆ ಇಟ್ಟುಕೊಳ್ಳಿ, ಅದೇ ದಾಖಲೆ. ಹೋದ ಕೂಡಲೇ ನಿಮ್ಮ ಹೆಸರು, ಕಂಪನಿ ಹೆಸರು, ಏನು ಮಾರಲು ಬಂದಿದ್ದೀರಿ ಎಂಬುದನ್ನು ಮೊದಲೇ ಹೇಳಬೇಕು. "ಸುಮ್ನೆ ಚಹಾಕ್ಕ ಬಂದೀವಿ" ಎಂದು ಕೂತು ಆಮೇಲೆ ಪ್ಲಾನ್ ತೆಗೆಯುವುದು ಈ ನಿಯಮಕ್ಕೆ ನೇರ ವಿರುದ್ಧ.

ಮಾರಾಟದ ಹೊತ್ತಿಗೆ ಅಥವಾ ಅದಕ್ಕೂ ಮೊದಲು ಗ್ರಾಹಕರಿಗೆ ಆರ್ಡರ್ ಫಾರ್ಮ್ ಕೊಡಬೇಕು. ನಾನು ನೋಡಿದ ಮಟ್ಟಿಗೆ ಇದನ್ನು ಕೊಡುವವರು ಬಹಳ ಕಡಿಮೆ. ಫಾರ್ಮ್‌ನಲ್ಲಿ ಇರಬೇಕಾದದ್ದು: ಕಂಪನಿಯ ಹೆಸರು, ನಿಮ್ಮ ಹೆಸರು, ವಿಳಾಸ, ನೋಂದಣಿ ಸಂಖ್ಯೆ, ಗುರುತಿನ ವಿವರ ಮತ್ತು ಫೋನ್, ಸಾಮಾನಿನ ಪೂರ್ತಿ ವಿವರ, ಯಾವ ದೇಶದಲ್ಲಿ ತಯಾರಾದದ್ದು, ಆರ್ಡರ್ ತಾರೀಖು, ಒಟ್ಟು ಮೊತ್ತ, ಸ್ಯಾಂಪಲ್ ಎಲ್ಲಿ ಯಾವಾಗ ನೋಡಬಹುದು, ಯಾವಾಗ ಡೆಲಿವರಿ, ಆರ್ಡರ್ ರದ್ದು ಮಾಡುವ, ಸಾಮಾನು ವಾಪಸ್ ಕೊಟ್ಟು ಪೂರ್ತಿ ಹಣ ಪಡೆಯುವ ಹಕ್ಕು, ದೂರು ಎಲ್ಲಿ ಕೊಡಬೇಕು. ಕಂಪನಿ ಕೊಟ್ಟ ಇಂಗ್ಲಿಷ್ ಫಾರ್ಮ್ ಇದ್ದರೆ, ವಾಪಸಾತಿ ಮತ್ತು ದೂರಿನ ಎರಡು ಸಾಲನ್ನು ಕನ್ನಡದಲ್ಲಿ ಬಾಯಿಬಿಟ್ಟು ಓದಿ ಹೇಳಿ. ಎರಡು ಪ್ರತಿ ಮಾಡಿ, ಒಂದಕ್ಕೆ ಅವರ ಸಹಿ ಹಾಕಿಸಿ ನೀವು ಇಟ್ಟುಕೊಳ್ಳಿ. ಆರು ತಿಂಗಳು ಬಿಟ್ಟು "ನೀವು ಹೇಳಿದ್ದೇ ಬೇರೆ" ಎಂಬ ಮಾತು ಬಂದರೆ ನಿಮ್ಮನ್ನು ಕಾಯುವುದು ಆ ಒಂದು ಹಾಳೆ.

ಎಂಆರ್‌ಪಿಗಿಂತ ಒಂದು ರೂಪಾಯಿ ಜಾಸ್ತಿ ತೆಗೆದುಕೊಳ್ಳಬೇಡಿ, ಡೆಲಿವರಿ ಖರ್ಚು ಅಂತ ಸೇರಿಸಿ ಕೂಡ. "ನೀವು ಇಬ್ಬರಿಗೆ ಕೊಡಿಸ್ರಿ, ನಿಮ್ಮ ದುಡ್ಡು ವಾಪಸ್ ಬಂದಂಗೇ" ಎಂದು ಹೇಳಿ ಮಾರುವುದೂ ನಿಷೇಧ. ಈ ಮಾತು ನಮ್ಮಲ್ಲಿ ಎಷ್ಟು ಸಲೀಸಾಗಿ ಬರುತ್ತದೆ ಅಂದರೆ, ಅದು ತಪ್ಪು ಅಂತಲೇ ಬಹಳ ಜನರಿಗೆ ಗೊತ್ತಿಲ್ಲ.

ಗ್ರಾಹಕರ, ಡೌನ್‌ಲೈನ್‌ನವರ (ನೀವು ಸೇರಿಸಿದವರ) ಆಧಾರ್, ಪಾಸ್‌ಬುಕ್ ಫೋಟೊಗಳು ನಿಮ್ಮ ಫೋನ್‌ನಲ್ಲಿದ್ದರೆ ಕೆಲಸ ಮುಗಿದ ಮೇಲೆ ಅಳಿಸಿ. ಅವನ್ನು ಗ್ರೂಪ್‌ಗೆ ಹಾಕಲೇಬೇಡಿ. ಅವರ ಮಾಹಿತಿ ಕಾಯುವುದು ನಿಮ್ಮ ಕರ್ತವ್ಯ ಎಂದು ನಿಯಮ ಹೇಳುತ್ತದೆ.

ಹೆಜ್ಜೆ 4: ಬಾಯಿ ಮತ್ತು ಸ್ಟೇಟಸ್ ಬಿಗಿ ಹಿಡಿಯಿರಿ

"ಶುಗರ್ ಪೂರ್ತಿ ಹೋಗ್ತದ." "ಬಿಪಿ ಗುಳಿಗಿ ಬಿಡ್ಬಹುದು." ಇಂಥ ಮಾತು ನನಗೆ ಬಹಳ ಸಂಕಟ ಕೊಡುತ್ತದೆ. ಕಾನೂನಿಗಿಂತ ಮೊದಲು, ನಂಬಿ ಗುಳಿಗೆ ಬಿಟ್ಟ ಮುದುಕಪ್ಪನ ಜೀವ ಇಲ್ಲಿ ಪಣಕ್ಕಿದೆ. ದಯವಿಟ್ಟು ಯಾರಿಗೂ ಡಾಕ್ಟರ್ ಕೊಟ್ಟ ಔಷಧ ನಿಲ್ಲಿಸಲು ಹೇಳಬೇಡಿ.

ಕಾನೂನಿನ ಮಾತು ಹೀಗಿದೆ. ಕಂಪನಿ ಒಪ್ಪದ ಯಾವ ಹೇಳಿಕೆಯನ್ನೂ ಮಾರುವವರು ಕೊಡಬಾರದು, ಕಂಪನಿ ಒಪ್ಪದ ಕರಪತ್ರ ಹಂಚಬಾರದು. ಆಮೇಲೆ 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ಇದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕ್ಯಾನ್ಸರ್, ಪಾರ್ಶ್ವವಾಯು, ಬೊಜ್ಜು, ಕಿಡ್ನಿ ಕಲ್ಲು ಹೀಗೆ ಒಂದು ಪಟ್ಟಿಯೇ ಅದರಲ್ಲಿದೆ. ಇವನ್ನು ವಾಸಿ ಮಾಡುತ್ತದೆ ಎಂದು ಜಾಹೀರಾತು ಕೊಡುವುದು ಅಪರಾಧ. ಮೊದಲ ಸಲಕ್ಕೇ ಆರು ತಿಂಗಳವರೆಗೆ ಜೈಲು ಆಗಬಹುದು. ಪೇಪರಿನಲ್ಲಿ ಹಾಕಿದ್ದು ಮಾತ್ರ ಜಾಹೀರಾತಲ್ಲ, ಬಾಯಿಂದ ಮಾಡುವ ಪ್ರಚಾರವನ್ನೂ ಆ ಕಾಯ್ದೆ ಲೆಕ್ಕಕ್ಕೆ ಹಿಡಿಯುತ್ತದೆ. ವಾಟ್ಸಾಪ್ ಸ್ಟೇಟಸ್ ಹಾಕುವಾಗ ಇದು ನೆನಪಿರಲಿ. ಆಹಾರ ಸಾಮಾನಿನ ಬಗ್ಗೆ ದಾರಿ ತಪ್ಪಿಸುವ ಜಾಹೀರಾತು ಕೊಟ್ಟರೆ ಆಹಾರ ಸುರಕ್ಷತಾ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೆ ದಂಡವಿದೆ.

ನಿಮ್ಮ ಮನೆಯಲ್ಲಿರುವ ಪ್ರೋಟೀನ್ ಅಥವಾ ವಿಟಮಿನ್ ಡಬ್ಬಿಯನ್ನೇ ತಿರುಗಿಸಿ ನೋಡಿ. ಅದು ಔಷಧವಾಗಿ ಬಳಸಲು ಅಲ್ಲ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಡಬ್ಬಿಯೇ ಹೇಳದ ಮಾತನ್ನು ನೀವು ಹೇಳಬೇಡಿ.

ಹೆಜ್ಜೆ 5: ಲೈಸನ್ಸ್

ತಿನ್ನುವ, ಕುಡಿಯುವ ಸಾಮಾನು ಮಾರುವವರು ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಮಾಡಿಸಿ. ಅದರ ಫಾಸ್‌ಕಾಸ್ ಪೋರ್ಟಲ್‌ನಲ್ಲಿ ಅರ್ಜಿ ನೀವೇ ಹಾಕಬಹುದು. 14 ಅಂಕಿಯ ನಂಬರ್ ಬರುತ್ತದೆ. ಚಿಕ್ಕ ವ್ಯಾಪಾರಕ್ಕೆ ಸರ್ಕಾರಿ ಶುಲ್ಕ ಬಹಳ ಕಡಿಮೆ. ಸಾವಿರಗಟ್ಟಲೆ ಕೇಳುವ ಏಜೆಂಟರಿಗೆ ದುಡ್ಡು ಸುರಿಯಬೇಡಿ.

ಸಾಮಾನು ಇಡಲು ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಬಾಡಿಗೆಗೆ ಕೋಣೆ ಹಿಡಿದಿರಾ? ಆಗ ಪಾಲಿಕೆಯ ಟ್ರೇಡ್ ಲೈಸನ್ಸ್, ಕಾರ್ಮಿಕ ಇಲಾಖೆಯ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ನೋಂದಣಿ ಬೇಕಾಗುತ್ತದೆ. ಬೋರ್ಡು ಹಾಕಿದರೆ ಅದರಲ್ಲಿ ಶೇ. 60ರಷ್ಟು ಕನ್ನಡ ಇರಲೇಬೇಕು.

ಹೆಜ್ಜೆ 6: ಜಿಎಸ್‌ಟಿ, ಮತ್ತು ಗಡಿಯಾಚೆ ಇರುವ ಬೀಗರು

2021ರ ನಿಯಮ ಮಾರುವವರ ಕರ್ತವ್ಯದ ಪಟ್ಟಿಯಲ್ಲಿ ಪ್ಯಾನ್ ಮತ್ತು ಜಿಎಸ್‌ಟಿ ನೋಂದಣಿ ಎರಡನ್ನೂ ಹೇಳಿದೆ. ಆದರೆ ಜಿಎಸ್‌ಟಿ ಕಾಯ್ದೆಯಲ್ಲಿ ವಹಿವಾಟಿನ ಮಿತಿ ಇದೆ. ಕರ್ನಾಟಕದೊಳಗೆ ಬರೀ ಸಾಮಾನು ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ, ಸೇವೆ ಕೊಡುವವರಿಗೆ 20 ಲಕ್ಷ. ಕಂಪನಿ ಕೊಡುವ ಕಮಿಷನ್ ಸೇವೆಯ ಲೆಕ್ಕಕ್ಕೆ ಬರುತ್ತದೆ. ಸಾಮಾನೂ ಮಾರುತ್ತೀರಿ, ಕಮಿಷನ್ನೂ ಬರುತ್ತದೆ ಅಂದರೆ 20 ಲಕ್ಷದ ಮಿತಿಯನ್ನೇ ತಲೆಯಲ್ಲಿಟ್ಟುಕೊಳ್ಳಿ. ನಿಮ್ಮ ವಿಷಯದಲ್ಲಿ ಯಾವಾಗ ಮಾಡಿಸಬೇಕು ಎಂದು ಟ್ಯಾಕ್ಸ್ ಕನ್ಸಲ್ಟಂಟ್ ಒಬ್ಬರಿಗೆ ಪೇಔಟ್ ಪಟ್ಟಿ ತೋರಿಸಿ ಒಮ್ಮೆ ಕೇಳಿಬಿಡಿ. ನೋಂದಣಿ ಇಲ್ಲದೆ ಬಿಲ್ಲಿನಲ್ಲಿ ಜಿಎಸ್‌ಟಿ ಅಂತ ಬೇರೆ ಸೇರಿಸಿ ವಸೂಲಿ ಮಾಡುವಂತಿಲ್ಲ.

ಕಲಬುರಗಿ, ಬೀದರ್, ಯಾದಗಿರಿ, ನಮ್ಮ ಈ ಮೂರು ಜಿಲ್ಲೆಯವರಿಗೆ ಒಂದು ವಿಶೇಷ ಎಚ್ಚರಿಕೆ ಬೇಕು. ನಾವು ಗಡಿಯಲ್ಲಿದ್ದೇವೆ. ಕಲಬುರಗಿಯವರಿಗೆ ಅಕ್ಕಲಕೋಟದಲ್ಲಿ ಬೀಗರು, ಬೀದರ್‌ನವರಿಗೆ ಜಹೀರಾಬಾದ್, ಉದಗೀರ್‌ನಲ್ಲಿ ನೆಂಟರು, ಗುರುಮಠಕಲ್‌ನವರಿಗೆ ನಾರಾಯಣಪೇಟ ಪಕ್ಕದಲ್ಲೇ. ತೆರಿಗೆ ಇರುವ ಸಾಮಾನನ್ನು ಇನ್ನೊಂದು ರಾಜ್ಯಕ್ಕೆ ಕಳಿಸಿ ಮಾರಿದರೆ 40 ಲಕ್ಷದ ವಿನಾಯಿತಿ ಸಿಗುವುದಿಲ್ಲ. ಮೊದಲ ಮಾರಾಟಕ್ಕೂ ಮುಂಚೆ ಜಿಎಸ್‌ಟಿ ನೋಂದಣಿ ಬೇಕು. ಅವರೇ ಇಲ್ಲಿಗೆ ಬಂದು ಕೈಯಲ್ಲಿ ತೆಗೆದುಕೊಂಡು ಹೋದರೆ ಅದು ಸಾಮಾನ್ಯವಾಗಿ ರಾಜ್ಯದೊಳಗಿನ ಮಾರಾಟ. ನೀವು ಬಸ್ಸಿಗೆ ಹಾಕಿ ಕಳಿಸಿದರೆ ಅಲ್ಲ. ಆ ಕಡೆಯವರು ಕಂಪನಿಯಿಂದ ನೇರವಾಗಿ ಆರ್ಡರ್ ಮಾಡುವಂತೆ ಹೇಳುವುದೇ ಸುಲಭದ ದಾರಿ.

ಇನ್ನೊಂದು ವಿಷಯ ಯುಪಿಐ. 2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಚಿಕ್ಕ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದು ನೆನಪಿದೆಯಲ್ಲ? ನಮ್ಮ ಲೀಡರ್‌ಗಳಲ್ಲಿ ಒಂದು ರೂಢಿ ಇದೆ. ಕೆಳಗಿನವರ ಆರ್ಡರ್ ದುಡ್ಡನ್ನೆಲ್ಲ ತಮ್ಮ ಫೋನ್‌ಪೇಗೆ ಹಾಕಿಸಿಕೊಂಡು, ಒಟ್ಟಿಗೆ ಕಂಪನಿಗೆ ಕಟ್ಟುತ್ತಾರೆ. ಹದಿನೈದು ಮಂದಿ ತಿಂಗಳಿಗೆ ತಲಾ 15,000 ರೂಪಾಯಿ ಹಾಕಿದರೆ ತಿಂಗಳಿಗೆ 2,25,000. ವರ್ಷಕ್ಕೆ 27 ಲಕ್ಷ. ಅದರಲ್ಲಿ ನಿಮ್ಮದು ಒಂದು ರೂಪಾಯಿ ಇಲ್ಲದಿದ್ದರೂ ಖಾತೆ ನಿಮ್ಮದು. ಕೇಳಿದಾಗ ಉತ್ತರ ಕೊಡಬೇಕಾದವರೂ ನೀವೇ. ಪ್ರತಿಯೊಬ್ಬರೂ ತಮ್ಮ ಐಡಿಯಿಂದ, ತಮ್ಮ ಖಾತೆಯಿಂದ ಕಂಪನಿಗೆ ನೇರವಾಗಿ ಕಟ್ಟಲಿ. ಇದನ್ನು ಇವತ್ತಿನಿಂದಲೇ ಶುರುಮಾಡಿ. ವ್ಯಾಪಾರಕ್ಕೆ ಬೇರೆ ಬ್ಯಾಂಕ್ ಖಾತೆ, ಮನೆಗೆ ಬೇರೆ ಖಾತೆ ಇಟ್ಟರೆ ಇನ್ನೂ ಒಳ್ಳೆಯದು.

ಹೆಜ್ಜೆ 7: ಆದಾಯ ತೆರಿಗೆ

ಕಂಪನಿ ಕೊಡುವ ಕಮಿಷನ್ ವರ್ಷಕ್ಕೆ 20,000 ರೂಪಾಯಿ ದಾಟಿದರೆ ಶೇ. 2ರಷ್ಟು ಟಿಡಿಎಸ್ (ದುಡ್ಡು ಕೊಡುವಾಗಲೇ ಕಡಿತ ಮಾಡುವ ತೆರಿಗೆ) ಹಿಡಿಯುತ್ತಾರೆ. ಪ್ಯಾನ್ ಕೊಡದಿದ್ದರೆ ಶೇ. 20. ಒಂದು ಲೆಕ್ಕ ನೋಡಿ. ವರ್ಷಕ್ಕೆ 26,000 ಕಮಿಷನ್ ಬಂದವರಿಗೆ ಪ್ಯಾನ್ ಇದ್ದರೆ 520 ರೂಪಾಯಿ ಹೋಗುತ್ತದೆ, ಇಲ್ಲದಿದ್ದರೆ 5,200. ನಿಮ್ಮ ಒಟ್ಟು ಆದಾಯ ತೆರಿಗೆ ಮಿತಿಗಿಂತ ಕಡಿಮೆ ಇದ್ದರೆ ರಿಟರ್ನ್ ಹಾಕಿ, ಹಿಡಿದ ದುಡ್ಡು ವಾಪಸ್ ಬರುತ್ತದೆ. ಎಷ್ಟೋ ಹೆಣ್ಣುಮಕ್ಕಳು ಇದನ್ನು ಕೇಳದೇ ಬಿಟ್ಟಿದ್ದಾರೆ. ಅದು ನಿಮ್ಮ ದುಡ್ಡು.

ಕಂಪನಿ ಕೊಡುವ ಸ್ಕೂಟರ್, ಪ್ರವಾಸ, ಚಿನ್ನದ ನಾಣ್ಯ ಕೂಡ ಆದಾಯವೇ. ವರ್ಷದಲ್ಲಿ ಇವುಗಳ ಬೆಲೆ 20,000 ದಾಟಿದರೆ ಅದರ ಮೇಲೆ ಶೇ. 10 ಟಿಡಿಎಸ್ ಇದೆ. ಇನ್ನೊಂದು, ಚಿಕ್ಕ ವ್ಯಾಪಾರಿಗಳು ಲೆಕ್ಕದ ಪುಸ್ತಕ ಇಲ್ಲದೆ ವಹಿವಾಟಿನ ಮೇಲೆ ಅಂದಾಜು ಲಾಭ ತೋರಿಸುವ ಸವಲತ್ತು ಕಮಿಷನ್ ಆದಾಯ ಇರುವವರಿಗೆ ಸಿಗುವುದಿಲ್ಲ. ಹೀಗಾಗಿ ಖರ್ಚಿನ ಲೆಕ್ಕ ಬರೆದಿಡಿ. ಪೆಟ್ರೋಲ್, ಫೋನ್ ರೀಚಾರ್ಜ್, ಸೆಮಿನಾರ್‌ಗೆ ಹೋದ ಬಸ್ ಚಾರ್ಜು, ಎಲ್ಲವೂ. ಇದರಿಂದ ತೆರಿಗೆ ಲೆಕ್ಕ ಸರಿಯಾಗುವುದರ ಜೊತೆಗೆ, ನಿಜಕ್ಕೂ ಉಳಿಯುತ್ತಿದೆಯೋ ಇಲ್ಲವೋ ಎಂಬುದೂ ನಿಮಗೆ ಕಾಣುತ್ತದೆ.

ಹೆಜ್ಜೆ 8: ತೊಂದರೆ ಬಂದಾಗ, ಬಿಡಬೇಕು ಅನಿಸಿದಾಗ

ನಿಮ್ಮ ಗ್ರಾಹಕರು ದೂರು ಕೊಟ್ಟರೆ ಹೆದರಬೇಡಿ, ಫೋನ್ ಎತ್ತದೆ ಇರಬೇಡಿ. ನಿಯಮದ ಪ್ರಕಾರ ನೀವು ಮಾರಿದ ಸಾಮಾನಿನ ದೂರಿಗೆ ಕಂಪನಿಯೂ ಹೊಣೆ. ಕಂಪನಿಯ ಅಧಿಕಾರಿ ಗ್ರಾಹಕರ ದೂರು ಬಂದ 48 ಕೆಲಸದ ಗಂಟೆಗಳೊಳಗೆ ದೂರು ಸಿಕ್ಕಿದೆ ಎಂದು ತಿಳಿಸಬೇಕು, ಸಾಮಾನ್ಯವಾಗಿ ಒಂದು ತಿಂಗಳಲ್ಲಿ ಬಗೆಹರಿಸಬೇಕು. ಗ್ರಾಹಕರಿಗೆ ಇದನ್ನು ನೀವೇ ಹೇಳಿಕೊಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ, 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ.

ನಿಮ್ಮದೇ ಕಮಿಷನ್ ಬಾಕಿ ಇದ್ದರೆ ದಾರಿ ಸ್ವಲ್ಪ ಬೇರೆ. ಅದು ಕರಾರಿನ ಜಗಳ, ಗ್ರಾಹಕರ ಆಯೋಗಕ್ಕೆ ಹೋದರೆ ನೀವು ಗ್ರಾಹಕರೇ ಅಲ್ಲ ಎಂದು ಕಂಪನಿ ವಾದಿಸಬಹುದು. ಮೊದಲು ಕಂಪನಿಯ ಅಧಿಕಾರಿಗೆ ಇಮೇಲ್ ಮಾಡಿ, ದೂರಿನ ನಂಬರ್ ಇಸಿದುಕೊಳ್ಳಿ. ಆಮೇಲೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತವಾಗಿ ವಕೀಲರು ಸಿಗುತ್ತಾರೆ. ಫೋನ್ 15100. ಪೂರ್ತಿ ಮೋಸ ಆಗಿದ್ದರೆ, ಆನ್‌ಲೈನ್‌ನಲ್ಲಿ ದುಡ್ಡು ಹೋಗಿದ್ದರೆ, ತಡ ಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ವ್ಯಾಪಾರ ಬಿಡುವುದಾದರೆ ಗ್ರೂಪ್‌ನಿಂದ ಹೊರಬಂದರೆ ಸಾಲದು. ಐಡಿ ನಿಮ್ಮ ಹೆಸರಲ್ಲಿ ನಡೆಯುತ್ತಲೇ ಇರುತ್ತದೆ, ಬೇರೆ ಯಾರೋ ಅದರ ಮೇಲೆ ಆರ್ಡರ್ ಹಾಕುತ್ತಿರಬಹುದು. ಕಂಪನಿಗೆ ಇಮೇಲ್ ಬರೆಯಿರಿ. ನಿಮ್ಮ ಐಡಿ ನಂಬರ್, ಕರಾರು ರದ್ದು ಮಾಡುತ್ತಿರುವ ತಾರೀಖು, ವಾಪಸ್ ಕೊಡುವ ಸಾಮಾನಿನ ಪಟ್ಟಿ ಮತ್ತು ಬ್ಯಾಚ್ ನಂಬರ್ ಹಾಕಿ. ಅಪ್‌ಲೈನ್ ಕೈಗೆ ಡಬ್ಬಿ ಕೊಟ್ಟು ಬರಬೇಡಿ, ಕಂಪನಿ ವಿಳಾಸಕ್ಕೇ ಪಾರ್ಸಲ್ ಮಾಡಿ. ಪ್ಯಾಕ್ ಮಾಡುವ ಮುಂಚೆ ಎಕ್ಸ್‌ಪೈರಿ ತಾರೀಖು ಕಾಣುವಂತೆ ಫೋಟೊ ತೆಗೆಯಿರಿ. ಪಾರ್ಸಲ್ ರಸೀದಿಯನ್ನು ಕರಾರಿನ ಪ್ರಿಂಟ್ ಜೊತೆಗೆ ಪಿನ್ ಮಾಡಿ ಇಟ್ಟುಕೊಳ್ಳಿ.